ನೂರ ನಲವತ್ತನಾಲ್ಕು ಜಾಡಿಗಳ ಹಸಿವು

ಬೆಳಗಿನ ಐದೂಮುಕ್ಕಾಲು. ಓಲ್ಶಾ ಸರೋವರದ ಮೇಲೆ ಮಂಜುಗಡ್ಡೆ ಇನ್ನೂ ಬಿಗಿಯಾಗಿ ಹಾಸಿಕೊಂಡಿದೆ. ದಡದ ಜಲಜೀವಿ ಸಂಶೋಧನಾ ಕೇಂದ್ರದ ಹಿಂಬಾಗಿಲ ಬೀಗದಲ್ಲಿ ಕೀ ತಿರುಗುವ ಸದ್ದು, ಬೂಟಿನ ಹಿಮ ಕೊಡವುವ ಸದ್ದು, ಆಮೇಲೆ ಒಂದು ಹೆಣ್ಣುದನಿ.

"ಎದ್ರೇನ್ರೇ ಹೆಣ್ಮಕ್ಕಳಾ? ಎಷ್ಟು ಜನ ಉಳಿದಿದ್ದೀರಿ, ಕೈ ಎತ್ತಿ ನೋಡೋಣ."

ಕೈ ಎತ್ತಬೇಕಾದವರು ಇರುವುದು ಒಲೆಯಿಲ್ಲದ ಉದ್ದನೆಯ ಪಡಸಾಲೆಯಲ್ಲಿ, ಹನ್ನೆರಡು ಮರದ ಹಲಗೆಗಳ ಮೇಲೆ. ಒಂದೊಂದು ಹಲಗೆಗೆ ಹನ್ನೆರಡು ಗಾಜಿನ ಜಾಡಿ. ಕೆಲವು ಜಾಮಿನವು, ಕೆಲವು ಉಪ್ಪುನೀರಿನ ಸೌತೆಕಾಯಿಯವು, ಕೆಲವು ಕೂಸಿನ ಊಟದವು. ಒಂದರ ಮೇಲೆ "ಪ್ಲಮ್, ಸಕ್ಕರೆ ಕಡಿಮೆ" ಎಂಬ ಚೀಟಿ ಇನ್ನೂ ಅಂಟಿಕೊಂಡಿದೆ. ಪ್ರತಿ ಜಾಡಿಯಲ್ಲೂ ಮುಕ್ಕಾಲು ಭಾಗ ತಣ್ಣನೆಯ ತಿಳಿನೀರು. ಆ ನೀರಿನಲ್ಲಿ ಎಳ್ಳುಕಾಳಿನಷ್ಟು ದೊಡ್ಡ ಒಂದೇ ಒಂದು ಜೀವ. ಎರಡು ಕವಲುಗೈ ಬೀಸಿ ಮೇಲಕ್ಕೆ ಚಿಮ್ಮುತ್ತದೆ, ತುಸು ಇಳಿಯುತ್ತದೆ, ಮತ್ತೆ ಚಿಮ್ಮುತ್ತದೆ. ಇದು ನೀರುಚಿಗಟ. ಚಿಗಟವೆಂದು ಹೆಸರಾದರೂ ಯಾರನ್ನೂ ಕಚ್ಚಿದ್ದಿಲ್ಲ. ಸಿಗಡಿ, ಏಡಿಗಳ ದೂರದ ನೆಂಟ, ಸಿಹಿನೀರಿನ ಸಾಧು ಪ್ರಾಣಿ.

ದನಿಯ ಒಡತಿ ಬೊಗುಮಿವಾ ದ್ರೋಜ್ದ್. ಊರಿಗೆಲ್ಲ ಪಾನಿ ಬೊಗುಶಾ; ಇಲ್ಲಿನ ಮಾತಿನಲ್ಲಿ 'ಪಾನಿ' ಅಂದರೆ 'ಶ್ರೀಮತಿ'. ವಯಸ್ಸು ಅರವತ್ತು. ಗಿಡ್ಡ ಮೈಕಟ್ಟು, ಉಣ್ಣೆಯ ಟೊಪ್ಪಿ, ಬೆರಳ ತುದಿ ಕತ್ತರಿಸಿದ ಕೈಗವಸು. ಸಣ್ಣ ದೀಪವನ್ನು ಜಾಡಿಯ ಹಿಂದೆ ಹಿಡಿದು, ಭೂತಗನ್ನಡಿಯನ್ನು ಮುಂದೆ ಹಿಡಿದು, ಒಂದು ಕಣ್ಣು ಮುಚ್ಚುತ್ತಾರೆ. ನೀರುಚಿಗಟದ ಮೈ ಗಾಜಿನಂಥದು, ಒಳಗಿನದೆಲ್ಲ ಹೊರಗೆ ಕಾಣುತ್ತದೆ. ಪಾಚಿ ತಿಂದಿದ್ದರೆ ಕರುಳು ಹಸಿರು ದಾರದ ಹಾಗೆ ಇರುತ್ತದೆ. ಈಗ ಆ ದಾರ ಮಾಸಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದೆ. ಕರುಳ ಬದಿಯಲ್ಲಿ ಎಣ್ಣೆಯ ಹನಿಗಳು ಸಾಲಾಗಿ ಇರಬೇಕು. ಮೊದಲ ಜಾಡಿಯವಳಲ್ಲಿ ನಾಲ್ಕಿವೆ.

"ನಿನ್ನೆ ಆರಿತ್ತು," ನೋಡಿ ಬರೆಯಲು ಬಂದಿರುವ ನಮಗೆ ಹೇಳುತ್ತಾರೆ. "ಎರಡು ಹನಿ ಖರ್ಚು ಮಾಡ್ಕೊಂಡಿದ್ದಾಳೆ. ಸಂಸಾರ ಗೊತ್ತಿರೋಳು, ಪರವಾಗಿಲ್ಲ."

ಬೆನ್ನ ಕಡೆ ಗುಂಡಗಿನ ಹೃದಯ ಬಡಿಯುತ್ತಿದೆ. ಹೊಟ್ಟೆ ತುಂಬಿದ್ದಾಗ ಅದನ್ನು ಬಾಯಿಂದ ಎಣಿಸಲಾಗದು, ಅಷ್ಟು ಬಿರುಸು. ಬೊಗುಶಾ ಪೆನ್ಸಿಲ್ ಹಿಡಿದು, ಹೃದಯದ ತಾಳಕ್ಕೆ ಸರಿಯಾಗಿ ಕಾಗದದ ಮೇಲೆ ಚುಕ್ಕೆ ಕುಟ್ಟುತ್ತಾ ಹೋಗುತ್ತಾರೆ, ಹತ್ತು ಸೆಕೆಂಡು. ಆಮೇಲೆ ಚುಕ್ಕೆಗಳನ್ನು ಎಣಿಸುತ್ತಾರೆ. ಹದಿನಾರು. ಚಳಿಗೂ ಹಸಿವಿಗೂ ಹೃದಯ ನಿಧಾನವಾಗಿದೆ. ಪುಸ್ತಕದಲ್ಲಿ ಬರೆದುಕೊಂಡು ಮುಂದಿನ ಜಾಡಿಗೆ ಸರಿಯುತ್ತಾರೆ. ಇಂದು ಉಪವಾಸದ ಆರನೆಯ ದಿನ.

ಆದದ್ದು ಇಷ್ಟು. ನೀರುಚಿಗಟಗಳ ಊಟವಾದ ಹಸಿರು ಪಾಚಿಯನ್ನು ಕೇಂದ್ರದ ಒಳಕೋಣೆಯಲ್ಲಿ ಎರಡು ದೊಡ್ಡ ಬಾಟಲಿಗಳಲ್ಲಿ ಬೆಳೆಸುತ್ತಾರೆ. ಮಾರ್ಚ್ ಮೊದಲ ಶುಕ್ರವಾರ ಸಂಜೆ ಆ ಬಾಟಲಿಗಳ ದೀಪ ಕೆಟ್ಟಿತು, ಜೊತೆಗೆ ಗಾಳಿ ಊದುವ ಯಂತ್ರವೂ ನಿಂತಿತು. ವಾರಾಂತ್ಯಕ್ಕೆ ಬೇಕಾದ ಪಾಚಿಯನ್ನು ಮೊದಲೇ ಶೀತಪೆಟ್ಟಿಗೆಯಲ್ಲಿ ತೆಗೆದಿಟ್ಟಿದ್ದರಿಂದ ಎರಡು ದಿನ ಆ ಕೋಣೆಗೆ ಯಾರೂ ಕಾಲಿಡಲಿಲ್ಲ. ಸೋಮವಾರ ಬಾಗಿಲು ತೆಗೆದಾಗ ಹಸಿರು ನೀರು ಗಂಜಿಯಂತೆ ಬೆಳ್ಳಗಾಗಿ, ವಾಸನೆ ಹೊಡೆಯುತ್ತಿತ್ತು. ದಕ್ಷಿಣದ ಇನ್ನೊಂದು ಪ್ರಯೋಗಾಲಯದಿಂದ ಬೀಜಪಾಚಿ ಅಂಚೆಯಲ್ಲಿ ಬಂದಿದೆ, ಕಿರುಬೆರಳಿನಷ್ಟು ಗಾಜಿನ ಕೊಳವೆಯಲ್ಲಿ. ಅದು ಬಾಟಲಿ ತುಂಬ ಬೆಳೆಯಲು ಎರಡು ವಾರ ಬೇಕು. ಸರೋವರದಿಂದ ತರೋಣವೆಂದರೆ ಮೊಣಕಾಲುದ್ದ ಮಂಜುಗಡ್ಡೆ, ಅದರ ಕೆಳಗೆ ಚಳಿಗಾಲದ ಬರಿಯ ನೀರು. ಕೈಯಲ್ಲಿ ಉಳಿದಿರುವುದು ಶೀತಪೆಟ್ಟಿಗೆಯಲ್ಲಿದ್ದ ಒಂದು ಲೋಟ ಹಳೆಯ ಪಾಚಿ.

ಬೇರೆ ನೀರುಚಿಗಟಗಳಾದರೆ ಮೇ ತಿಂಗಳಲ್ಲಿ ಬಲೆ ಬೀಸಿ ಹೊಸದಾಗಿ ಹಿಡಿದು ತರಬಹುದು. ಇವು ಹಾಗಲ್ಲ. ಇವು ಏಳನೇ ಮನೆತನ. ಮೂವತ್ತೇಳು ವರ್ಷದ ಹಿಂದೆ ಒಂದು ಹಳ್ಳಿಗೆರೆಯಿಂದ ತಂದ ಒಬ್ಬಳೇ ತಾಯಿ ಏಳನೆಯ ಗಾಜಿನಲ್ಲಿದ್ದಳು. ಇವರೆಲ್ಲ ಅವಳ ಹೆಣ್ಣುಸಂತಾನ. ಗಂಡಿನ ಹಂಗಿಲ್ಲದೆ ತಾಯಿ ಮಗಳನ್ನು ಹೆರುತ್ತಾಳೆ, ಮಗಳು ತಾಯಿಯ ತದ್ರೂಪು. ಹೀಗೆ ಒಂಬೈನೂರು ತಲೆಮಾರು ದಾಟಿದೆ. ಆ ಹಳ್ಳಿಗೆರೆ ಈಗಿಲ್ಲ, ಅದರ ಮೇಲೆ ಹೆದ್ದಾರಿಯ ತಿರುವಿದೆ. ಊಟ ಕಡಿಮೆಯಾದಾಗ ಒಂದು ಜೀವದ ಮೈಯೊಳಗೆ ಏನೇನು ಬದಲಾಗುತ್ತದೆಂದು ಇಲ್ಲಿ ಬರೆದಿಟ್ಟ ಕಪಾಟುಗಟ್ಟಲೆ ಪುಸ್ತಕಗಳೆಲ್ಲ ಈ ಮನೆತನವನ್ನೇ ನೋಡಿ ಬರೆದವು. ಇದು ಅಳಿದರೆ ಆ ಅಳತೆಗಳನ್ನು ಮುಂದೆ ಯಾವುದರ ಪಕ್ಕದಲ್ಲೂ ಇಟ್ಟು ನೋಡಲಾಗದು.

"ಮೂವತ್ತಮೂರು ವರ್ಷ ಇವರನ್ನ ಅಳೆದು ಅಳೆದು ಉಪವಾಸ ಕೆಡವಿದ್ದೀನಿ," ಬೊಗುಶಾ ಎನ್ನುತ್ತಾರೆ. "ಇಷ್ಟು ಕೊಟ್ರೆ ಏನಾಗುತ್ತೆ, ಅದರಲ್ಲಿ ಅರ್ಧ ಕೊಟ್ರೆ ಏನಾಗುತ್ತೆ ಅಂತ. ಈಗ ಅಳತೆ ತಪ್ಪಿ ಬಂದಿದೆ. ಜೂನ್ ಕೊನೆಗೆ ನನ್ನ ಕೆಲಸ ಮುಗೀತು. ನನ್ನ ಕೈಯಲ್ಲೇ ಇವರು ಹೋದ್ರೆ, ಯಾವ ಮುಖ ಇಟ್ಕೊಂಡು ಮನೇಲಿ ಕೂತ್ಕೊಳ್ಳಲಿ?"

ಬೊಗುಶಾ ಈ ಕೇಂದ್ರಕ್ಕೆ ಬಂದದ್ದು ನೆಲ ಒರೆಸುವುದಕ್ಕೆ. ಆಗ ವಯಸ್ಸು ಇಪ್ಪತ್ತೇಳು, ಇಬ್ಬರು ಸಣ್ಣ ಹೆಣ್ಣುಮಕ್ಕಳು, ಎದೆಯ ಕಾಯಿಲೆಯ ಗಂಡ. ಆಗಿನ ಪ್ರೊಫೆಸರು ಮಾತು ಕಡಿಮೆಯ ಮನುಷ್ಯ, ಈಗಿಲ್ಲ. ಒಂದು ದಿನ ಅವರು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೂತಿದ್ದಾಗ ಬೊಗುಶಾ ಬಕೆಟ್ ಕೆಳಗಿಟ್ಟು, ಮೇಜಿನ ಭೂತಗನ್ನಡಿಯಲ್ಲಿ ಇಣುಕಿ, "ಸಾಹೇಬ್ರೇ, ಈ ಸಾಲಿನವು ಆ ಸಾಲಿನವಕ್ಕಿಂತ ಕಾಲು ಜಾಸ್ತಿ ಆಡಿಸ್ತವೆ, ಕಾಲಿನ ಕೂದಲೂ ಹರಡ್ಕೊಂಡಿದೆ," ಅಂದರು. ಆ ಸಾಲು ಹಸಿದವುಗಳದ್ದು. ನೀರುಚಿಗಟ ಕಾಲಿನ ಬಾಚಣಿಗೆಯಿಂದ ನೀರು ಸೋಸಿ ಪಾಚಿ ಹಿಡಿಯುತ್ತದೆ. ಊಟ ತೆಳುವಾದರೆ ಪೊರೆ ಕಳಚಿದಾಗೊಮ್ಮೆ ಬಾಚಣಿಗೆಯನ್ನು ಅಗಲ ಮಾಡಿಕೊಳ್ಳುತ್ತದೆ. ಪ್ರೊಫೆಸರು ಎದ್ದು ತಮ್ಮ ಸ್ಟೂಲನ್ನೇ ಅವರ ಕಡೆ ತಳ್ಳಿದರಂತೆ. "ನೆಲ ನಾಳೆ ಒರೆಸಿದರಾಯ್ತು, ಕೂತ್ಕೊಳ್ಳಿ" ಎಂದರಂತೆ.

ಅಂದಿನಿಂದ ಭಾನುವಾರವಿಲ್ಲ, ಹಬ್ಬವಿಲ್ಲ. ಹೊಟ್ಟೆ ವಾರದ ಏಳು ದಿನವೂ ಕೇಳುತ್ತದಲ್ಲ. ಭಾನುವಾರ ಬೆಳಿಗ್ಗೆ ಇವರಿಗೆ ಹನಿ ಹಾಕಿಯೇ ಏಳರ ಪೂಜೆಗೆ ಚರ್ಚಿಗೆ ಓಡುತ್ತಾರೆ. ಗಂಡ ತೀರಿಕೊಂಡ ಬೆಳಿಗ್ಗೆಯೂ ಒಂದು ಗಳಿಗೆ ಬಂದು ಹೋದರು. ತಣ್ಣೀರಿನಿಂದ ಗೆಣ್ಣುಗಳು ಊದಿವೆ, ಎಡಗಣ್ಣಿಗೆ ಶಸ್ತ್ರಚಿಕಿತ್ಸೆಯಾಗಿದೆ. ಕೇಂದ್ರದಿಂದ ಹೊರಬಿದ್ದ ಪ್ರಬಂಧಗಳಲ್ಲಿ ಅವರ ಹೆಸರು ಒಂದೇ ಕಡೆ ಇದೆ, ಕೊನೆಯ ಪುಟದ ಕೊನೆಯ ಸಾಲಿನಲ್ಲಿ, ಅದರಲ್ಲೂ ಒಂದಕ್ಷರ ತಪ್ಪು.

"ಬಿಡಿ, ನನ್ನ ಮಕ್ಕಳಿಗೆ ಅದು ನಾನೇ ಅಂತ ಗೊತ್ತಾಯ್ತು, ಸಾಕು."

ಏಳು ಗಂಟೆಯ ಹೊತ್ತಿಗೆ ಪಡಸಾಲೆಯ ಬಾಗಿಲನ್ನು ಬುಟ್ಟಿಯಿಂದಲೇ ತಳ್ಳಿಕೊಂಡು ಎದುರುಮನೆಯ ಝೆನೋಬಿಯಾ ಬರುತ್ತಾರೆ. ಬುಟ್ಟಿಯಲ್ಲಿ, ನೀರು ಬದಲಿಸುವಾಗ ಬೇಕಾಗುತ್ತದೆಂದು ತಂದ, ಹೊಳೆಯುವ ಹನ್ನೊಂದು ಜಾಡಿ.

"ತಗೋ ಮಾರಾಯ್ತಿ. ನಿನ್ನ ಹುಳಗಳೂ ತಪಸ್ಸಿನ ಕಾಲ ಹಿಡಿದಿವೆಯಂತಲ್ಲ? ಈಸ್ಟರ್ ತನಕ ಉಪವಾಸವಂತೆ, ಬೇಕರಿಯಲ್ಲೆಲ್ಲ ಅದೇ ಮಾತು."

"ನಿನಗಿಂತ ನಿಯತ್ತು. ಶುಕ್ರವಾರ ಕದ್ದು ಸಾಸೇಜ್ ತಿನ್ನಲ್ಲ."

"ಒಂದೇ ಸಲ ತಿಂದಿದ್ದು! ಅದೂ ಹಾಳಾಗುತ್ತೆ ಅಂತ."

ಬೊಗುಶಾ ಜಾಡಿಯೊಂದನ್ನು ಮೂಗಿಗೆ ಹಿಡಿಯುತ್ತಾರೆ. "ಸೋಪು ಹಾಕಿದೆಯಾ?"

"ಇನ್ನೇನು, ಎಂಜಲು ಜಾಡಿ ಕೊಡ್ಲಾ? ನಿಂಬೆ ಸೋಪು, ಎರಡೆರಡು ಸಲ. ನಾನೇನು ಗಲೀಜು ಹೆಂಗಸಾ?"

"ಸೋಪಿನ ಒಂದು ಕಲೆ ಸಾಕು ಇವರ ಪ್ರಾಣ ಹೋಗೋಕೆ. ಇನ್ನು ಹತ್ತು ಸಲ ಸರೋವರದ ನೀರಲ್ಲಿ ಜಾಲಿಸಬೇಕು. ಗಲೀಜಾಗಿ ತಂದಿದ್ರೆ ಪುಣ್ಯ ಬರ್ತಿತ್ತು ನಿನಗೆ."

ಊರೆಲ್ಲ ಜಾಡಿ ಕೊಟ್ಟಿರುವುದಕ್ಕೆ ಕಾರಣವಿದೆ. ಹಸಿದ ನೀರುಚಿಗಟಗಳನ್ನು ಒಂದೇ ತೊಟ್ಟಿಯಲ್ಲಿ ಒತ್ತೊತ್ತಾಗಿ ಬಿಟ್ಟರೆ, ಕೆಟ್ಟ ಕಾಲ ಬಂತೆಂದು ಅವುಗಳ ಮೈಗೆ ತಿಳಿಯುತ್ತದೆ. ಆಗ ಅವು ಗಂಡುಗಳನ್ನು ಹೆರುತ್ತವೆ. ಗಂಡಿನೊಡನೆ ಕೂಡಿದ ತಾಯಿ ಬೆನ್ನ ಮೇಲೆ ಕುದುರೆಯ ಜೀನಿನಂಥ ಕಪ್ಪು ಗಟ್ಟಿ ಚಿಪ್ಪು ಕಟ್ಟಿ, ಅದರಲ್ಲಿ ಎರಡು ಮೊಟ್ಟೆಯಿಟ್ಟು ಕೆಸರಿಗೆ ಇಳಿಬಿಡುತ್ತಾಳೆ. ಆ ಮೊಟ್ಟೆ ಎಷ್ಟೋ ವರ್ಷ ನಿದ್ದೆ ಮಾಡಬಲ್ಲದು. ಆದರೆ ಎದ್ದು ಬರುವ ಮಗಳು ತಾಯಿಯ ತದ್ರೂಪಲ್ಲ, ಬೆರಕೆಯವಳು.

"ಜಾತಿ ಉಳಿಯುತ್ತೆ, ಏಳನೇ ಮನೆತನ ಉಳಿಯಲ್ಲ," ಬೊಗುಶಾ ಎನ್ನುತ್ತಾರೆ. "ಹಸಿವಿಗೆ ನಾನೇನೂ ಮಾಡೋ ಹಾಗಿಲ್ಲ. ಒತ್ತಡಕ್ಕೆ ಮಾಡಬಹುದಲ್ಲ? ಅದಕ್ಕೇ ಒಬ್ಬೊಬ್ಬಳಿಗೂ ಒಂದೊಂದು ಮನೆ. ತಣ್ಣಗಿರೋ ಕಡೆ ಇಟ್ಟೆ, ಚಳೀಲಿ ಖರ್ಚು ಕಡಿಮೆ."

ಝೆನೋಬಿಯಾಗೆ ಇನ್ನೊಂದು ಉಪಾಯ ಹೊಳೆದಿದೆ. "ಬ್ರೆಡ್ಡಿನ ಯೀಸ್ಟ್ ಕದಡಿ ಹಾಕು. ಅದೂ ಬೇಡ ಅಂದ್ರೆ ಬ್ರೆಡ್ಡಿನ ಚೂರು ಹಾಕು. ಹಸಿದವರಿಗೆ ಬ್ರೆಡ್ ಕೊಡದಿರೋ ಕ್ರೈಸ್ತಳನ್ನ ನಾನೆಲ್ಲೂ ನೋಡಿಲ್ಲ."

"ಕೊಟ್ಟು ನೋಡಿದ್ದೀನಿ," ಎನ್ನುತ್ತಾ ಬೊಗುಶಾ ನಗುತ್ತಾರೆ. ನಗು ಟೊಪ್ಪಿಯ ತನಕ ಏರುತ್ತದೆ.

ಕೆಲಸಕ್ಕೆ ಸೇರಿದ ಎರಡನೆಯ ಡಿಸೆಂಬರಿನ ಮಾತು. ಕ್ರಿಸ್‌ಮಸ್ ಹಿಂದಿನ ಮಧ್ಯಾಹ್ನ. ಈ ಸೀಮೆಯಲ್ಲಿ ಆ ದಿನ ಮನೆಮಂದಿ ಕಾಗದದಷ್ಟು ತೆಳುವಾದ ಬಿಳಿ ಹಪ್ಪಳವನ್ನು ಮುರಿದು ಹಂಚಿಕೊಳ್ಳುತ್ತಾರೆ. ಕೊಟ್ಟಿಗೆಯ ಹಸುವಿಗೂ ಕುದುರೆಗೂ ಬಣ್ಣದ ಹಪ್ಪಳ ಬೇರೆ ಇರುತ್ತದೆ. ಗೋದಲಿಯಲ್ಲಿ ಹುಟ್ಟಿದ ಕೂಸಿಗೆ ಉಸಿರಿನ ಬೆಚ್ಚನೆ ಕೊಟ್ಟವು ಅವೇ ಅಲ್ಲವೇ. ಬೊಗುಶಾರ ಕೋಟಿನ ಜೇಬಿನಲ್ಲಿ ತಾಯಿಯ ಹಸುವಿಗೆಂದು ಕೊಂಡ ಗುಲಾಬಿ ಹಪ್ಪಳವಿತ್ತು. ಹಸಿವಿನ ಸಾಲಿನಲ್ಲಿ ಇಪ್ಪತ್ನಾಲ್ಕು ಗಾಜುಗಳಿದ್ದವು.

"ಅಂಥ ದಿನ ಬಾಯಿರೋ ಪ್ರಾಣಿಗೆ ಕೊಡದೆ ಹೇಗೆ ಹೋಗೋದು? ಒಂದೊಂದಕ್ಕೂ ಒಂದೊಂದು ಚೂರು ಉದುರಿಸಿದೆ. ಹಬ್ಬದ ಶುಭಾಶಯಾನೂ ಹೇಳಿದೆ."

ಹಬ್ಬ ಕಳೆದು ಪ್ರೊಫೆಸರು ಬಂದು ನೋಡಿದರೆ, ತಿಂಗಳಿಂದ ಬರಿದಾಗಿದ್ದ ತಾಯಂದಿರ ಬೆನ್ನಚೀಲದಲ್ಲಿ ಮೊಟ್ಟೆಗಳು. ಚೂರು ಕೊಳೆತು, ಕೊಳೆತದ್ದರಿಂದ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಹುಟ್ಟಿ, ಇವು ಅವನ್ನು ಸೋಸಿ ತಿಂದಿದ್ದವು. ಪ್ರೊಫೆಸರಿಗೆ ಅದು ತಿಳಿಯದು. ದೊಡ್ಡದೇನೋ ಕಂಡುಹಿಡಿದೆನೆಂದು ಮೂರು ದಿನ ಹಗುರ ಹೆಜ್ಜೆಯಲ್ಲಿ ಓಡಾಡಿದರು, ಒಮ್ಮೆ ಸಿಳ್ಳೆಯನ್ನೂ ಹಾಕಿದರು. ನಾಲ್ಕನೆಯ ದಿನ ನೀರು ಹುಳಿತು ಗಾಜಿನೊಳಗಿನವು ಒಂದೊಂದಾಗಿ ಸತ್ತವು. ಬೊಗುಶಾ ಪಾಪನಿವೇದನೆಗೆ ಪಾದ್ರಿಗಳ ಬಳಿ ಹೋದರು.

"ಪಾದ್ರಿಗಳು ಎಲ್ಲ ಕೇಳಿದ್ರು. ಪ್ರಾಣಿಗೆ ಹಪ್ಪಳ ಹಾಕಿದ್ದು ಪಾಪ ಅಲ್ಲ ಮಗಳೇ, ಪ್ರೊಫೆಸರ್‌ಗೆ ಹೇಳದೆ ಇರೋದು ಪಾಪ ಅಂದ್ರು. ಹೋಗಿ ಹೇಳಿದೆ. ಕೆಲಸ ಹೋಯ್ತು ಅಂತಲೇ ನಿಂತಿದ್ದೆ. ಅವ್ರು 'ಯಾವ ಬಣ್ಣದ್ದು?' ಅಂದ್ರು. ಗುಲಾಬಿ ಅಂದೆ. ಪುಸ್ತಕ ತೆಗೆದು ಬರ್ಕೊಂಡ್ರು. ಈಗಲೂ ಇದೆ ನೋಡಿ, 'ಡಿಸೆಂಬರ್ ಇಪ್ಪತ್ನಾಲ್ಕು, ಗುಲಾಬಿ ಹಪ್ಪಳ, ಗಾಜಿಗೊಂದು ಚೂರು.' ಒಂದು ವರ್ಷದ ಪ್ರಯೋಗ ಮೊದಲಿಂದ ಶುರು ಮಾಡಿದ್ವಿ."

ಹಾಗಾಗಿ ಬ್ರೆಡ್ ಇಲ್ಲ, ಯೀಸ್ಟ್ ಇಲ್ಲ. ಇರುವುದು ಒಂದು ಲೋಟ ಪಾಚಿ. ಅದನ್ನು ಹಂಚುವುದು ಹೇಗೆಂಬುದರ ಮೇಲೆ ಈ ಮನೆತನದ ಬದುಕು ನಿಂತಿದೆ. ಅದರ ಬಗ್ಗೆಯೇ ಬೊಗುಶಾಗೂ ಕೇಂದ್ರದ ಮುಖ್ಯಸ್ಥ ಡಾಕ್ಟರ್ ಒಲ್‌ಗೆರ್ದ್ ಪಾವ್ಲಿಕ್‌ಗೂ ಜಗಳ. ಡಾಕ್ಟರಿಗೆ ನಲವತ್ತೆರಡು, ಒಳ್ಳೆಯ ಮನುಷ್ಯ, ತಪಸ್ಸಿನ ಕಾಲಕ್ಕೆ ಕಾಫಿ ಬಿಟ್ಟಿದ್ದರಿಂದ ತುಸು ಸಿಡುಕು. ಈಗ ಅವರೂ ಪಡಸಾಲೆಗೆ ಬಂದಿದ್ದಾರೆ.

"ಪಾನಿ ಬೊಗುಶಾ, ಇನ್ನೊಂದು ಸಲ ಹೇಳ್ತೀನಿ. ಇಪ್ಪತ್ತು ಗಟ್ಟಿ ತಾಯಂದಿರನ್ನ ಆರಿಸೋಣ. ಬೆಚ್ಚಗೆ ಇಟ್ಟು ಹೊಟ್ಟೆ ತುಂಬ ಹಾಕೋಣ. ಇಪ್ಪತ್ತಾದ್ರೂ ಖಂಡಿತ ಉಳೀತವೆ."

"ಹೊಟ್ಟೆ ತುಂಬಿದ್ರೆ ಅವಳು ಸುಮ್ಮನೆ ಕೂರ್ತಾಳಾ ಡಾಕ್ಟ್ರೇ? ಸುಗ್ಗಿ ಬಂತು ಅಂದ್ಕೊಂಡು, ಇರೋ ಎಣ್ಣೆನೆಲ್ಲ ಮೊಟ್ಟೆಗೆ ಸುರೀತಾಳೆ. ಹದಿನೈದು ಹೆರ್ತಾಳೆ. ಸಣ್ಣ ಸಣ್ಣವು, ಒಣಕಲು. ಆ ಹದಿನೈದಕ್ಕೆ ನೀವು ಉಣಿಸ್ತೀರಾ?"

"ಮತ್ತೆ ನಿಮ್ಮ ಲೆಕ್ಕದಲ್ಲಿ?"

"ಎಲ್ಲರಿಗೂ ಅರೆಹೊಟ್ಟೆ. ದಿನ ಬಿಟ್ಟು ದಿನ ಎರಡು ಹನಿ. ಸಾಯೋ ಹಾಗಿಲ್ಲ, ಸುಗ್ಗಿ ಅಂತ ಮರೆಯೋ ಹಾಗೂ ಇಲ್ಲ. ಬರ ಇದೆ ಅಂತ ನೆನಪಲ್ಲಿದ್ರೆ ಅವಳು ಹೆರಿಗೆ ತಡೀತಾಳೆ."

"ಎರಡು ಹನಿಯಲ್ಲಿ ನೂರಕ್ಕೆ ನೂರೂ ಸತ್ರೆ?"

ಬೊಗುಶಾ ಪುಸ್ತಕದ ಹಾಳೆ ತಿರುವುತ್ತಾರೆ. ಆ ಭಯ ಅವರಿಗೂ ಇದೆ. ಪುಸ್ತಕದಲ್ಲಿ ಇದೆಲ್ಲ ಬರೆದಿರುವುದು ನಿಜ, ಆದರೆ ಇಷ್ಟು ದಿನ, ಇಷ್ಟು ಕಡಿಮೆಯಲ್ಲಿ ಯಾರೂ ನಡೆಸಿ ನೋಡಿಲ್ಲ. ಕೊನೆಗೆ ಡಾಕ್ಟರು ಹನ್ನೆರಡು ಜಾಡಿಯನ್ನು ತಮ್ಮ ದಾರಿಗೆ ಎತ್ತಿಕೊಂಡು ಬೆಚ್ಚನೆಯ ಒಳಕೋಣೆಗೆ ಹೋಗುತ್ತಾರೆ. ನೂರ ಮೂವತ್ತೆರಡು ಬೊಗುಶಾರ ದಾರಿಗೆ. ಸೋತವರು ಎಲ್ಲ ಜಾಡಿ ತೊಳೆಯಬೇಕು ಎಂದು ಪಂದ್ಯ ಕಟ್ಟಿಸಿದವರು ಝೆನೋಬಿಯಾ.

"ಸೋಪಿಲ್ಲದೆ," ಬೊಗುಶಾ ಸೇರಿಸುತ್ತಾರೆ.

ಪ್ರತಿ ಹಲಗೆಯ ಮುಂದೆ ನಿಂತು ಊಟದ ಮುಂಚಿನ ಪ್ರಾರ್ಥನೆಯನ್ನು ತುಟಿಯಲ್ಲೇ ಹೇಳಿ, ಶಿಲುಬೆಯ ಗುರುತು ಹಾಕಿಕೊಂಡು, ಗಾಜಿನ ಕೊಳವೆಯಿಂದ ಹನಿ ಬಿಡುತ್ತಾರೆ. ಒಂದು. ಎರಡು. ಮೂರನೆಯದು ಕೊಳವೆಯ ತುದಿಯಲ್ಲಿ ದುಂಡಗಾಗಿ ತೂಗುತ್ತದೆ. ಬೀಳಲು ಬಿಡುವುದಿಲ್ಲ. ಹನ್ನೊಂದು ಹಲಗೆ, ಹನ್ನೊಂದು ಪ್ರಾರ್ಥನೆ, ಇನ್ನೂರ ಅರವತ್ನಾಲ್ಕು ಹನಿ.

"ಮೂರನೇ ಹನಿ ತಡೆಯೋದೇ ಕಷ್ಟ," ಎನ್ನುತ್ತಾರೆ. "ಕೈ ತಾಯಿಯದ್ದು ನೋಡಿ, ಕೇಳಲ್ಲ."

ಹದಿಮೂರು ದಿನ ಕಳೆದು ಮತ್ತೆ ಅದೇ ಹಿಂಬಾಗಿಲು. ಉಪವಾಸದ ಹತ್ತೊಂಬತ್ತನೆಯ ಬೆಳಗು. ಸರೋವರದ ಮಂಜುಗಡ್ಡೆ ದಡ ಬಿಟ್ಟಿದೆ, ಅಂಚಿನಲ್ಲಿ ಮೊಳದಗಲ ಕಪ್ಪು ನೀರು ಕಾಣುತ್ತಿದೆ. ಒಳಗಿನಿಂದ ಯಾರದೋ ಗೊಣಗಾಟ, ಗಾಜು ತಾಕುವ ಸದ್ದು. ಡಾಕ್ಟರ್ ಒಲ್‌ಗೆರ್ದ್ ತೋಳು ಮಡಚಿ, ತಣ್ಣೀರಿನ ತೊಟ್ಟಿಯ ಮುಂದೆ ನಿಂತಿದ್ದಾರೆ. ಬೆರಳುಗಳು ಮೂಲಂಗಿಯಂತೆ ಕೆಂಪಾಗಿವೆ.

"ಮಾತಾಡಿಸಬೇಡಿ ನನ್ನ," ಎನ್ನುತ್ತಾರೆ. ಆಮೇಲೆ ತಾವೇ ಮಾತಾಡುತ್ತಾರೆ. "ನೂರ ಎಪ್ಪತ್ತೊಂದು ಮರಿ ಹಾಕಿದ್ವು. ನೂರ ಎಪ್ಪತ್ತೊಂದು! ನೋಡಿ ಖುಷಿಯಾಗಿ ಕಾಫಿ ಕುಡಿದುಬಿಟ್ಟೆ, ದೇವರು ಕ್ಷಮಿಸಲಿ. ನಾಲ್ಕು ದಿನ. ಒಂದೂ ಉಳೀಲಿಲ್ಲ. ಹೆತ್ತು ಹೆತ್ತು ತಾಯಂದಿರೂ ಬರಿದಾದ್ರು. ಹನ್ನೆರಡರಲ್ಲಿ ಉಳಿದದ್ದು ಎರಡು."

"ಡಾಕ್ಟ್ರೇ, ಅದರ ಮೂಲೇಲಿ ಸೌತೆಕಾಯಿ ಬೀಜ ಅಂಟಿದೆ," ಝೆನೋಬಿಯಾ ಸ್ಟೂಲಿನ ಮೇಲೆ ಕೂತು ತೋರಿಸುತ್ತಾರೆ. ಮೇಲ್ವಿಚಾರಣೆಗೆಂದೇ ಬಂದಿದ್ದಾರೆ.

"ಕಾಣಿಸ್ತಿದೆ ಪಾನಿ ಝೆನೋಬಿಯಾ."

"ಕಾಣಿಸಿದ್ರೆ ತೆಗೀರಿ ಮತ್ತೆ."

ಪಡಸಾಲೆಯಲ್ಲಿ ಬೊಗುಶಾ ಒಬ್ಬರೇ. ನೂರ ಮೂವತ್ತೆರಡರಲ್ಲಿ ತೊಂಬತ್ತಾರು ಉಳಿದಿವೆ. ಹೋದ ಮೂವತ್ತಾರರ ಹೆಸರಿಗೆ, ಅಂದರೆ ಜಾಡಿಯ ಸಂಖ್ಯೆಗೆ, ಪುಸ್ತಕದಲ್ಲಿ ಸಣ್ಣ ಶಿಲುಬೆ ಬರೆದಿದ್ದಾರೆ. ಉಳಿದವು ಎಷ್ಟು ತೆಳ್ಳಗಾಗಿವೆಯೆಂದರೆ, ಹಿಂದಿನ ದೀಪವೇ ಮುಂದೆ ಕಾಣುತ್ತದೆ. ಎಣ್ಣೆ ಹನಿ ಕೆಲವರಲ್ಲಿ ಒಂದು, ಹಲವರಲ್ಲಿ ಅದೂ ಇಲ್ಲ. ಆದರೆ ಕಾಲಿನ ಬಾಚಣಿಗೆಗಳು ಬೀಸಣಿಗೆಯಂತೆ ಹರಡಿವೆ. ಒಂದು ಗಂಡೂ ಹುಟ್ಟಿಲ್ಲ, ಒಂದು ಕಪ್ಪು ಜೀನೂ ಕಂಡಿಲ್ಲ. ಏಳನೇ ಮನೆತನ ಏಳನೆಯದಾಗಿಯೇ ಇದೆ.

ಒಳಕೋಣೆಯಲ್ಲಿ ಬೀಜಪಾಚಿ ಬೆಳೆದು ಬಾಟಲಿ ತುಂಬ ಹಸಿರಾಗಿದೆ. ಇಂದು ಮೊದಲ ಊಟ. ಬೊಗುಶಾ ಒಂದು ಲೋಟ ಹಸಿರನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಮೂಸುತ್ತಾರೆ, ನಾಲಗೆಯ ತುದಿಗೂ ತಾಗಿಸಿಕೊಳ್ಳುತ್ತಾರೆ. ಪ್ರಾರ್ಥನೆಯಾಗುತ್ತದೆ. ಇವತ್ತೂ ಸುಗ್ಗಿಯ ಊಟವಿಲ್ಲ. ಮೂರು ಹನಿ, ನಾಳೆ ನಾಲ್ಕು, ಹಾಗೇ ಏರಿಕೆ. ಮೂರನೆಯ ಹನಿ ಬಿದ್ದಾಗ ಅವರ ಹೆಗಲು ಇಳಿಯುವುದು ಹಿಂದಿನಿಂದಲೂ ಕಾಣುತ್ತದೆ.

ಅರ್ಧ ಗಂಟೆ ಕಾದು ಮೊದಲ ಜಾಡಿಗೆ ದೀಪ ಹಿಡಿಯುತ್ತಾರೆ. ಬಾಯಿಯ ಬಳಿಯಿಂದ ಶುರುವಾಗಿ, ಮೈಯ ನಡುವಿನಲ್ಲಿ, ಹಸಿರು ದಾರವೊಂದು ಇಳಿಯುತ್ತಿದೆ.

ಡಾಕ್ಟರು ಒದ್ದೆ ಕೈ ಒರೆಸಿಕೊಳ್ಳುತ್ತಾ ಝೆನೋಬಿಯಾರ ಜೊತೆ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಮುಂದಿನ ಪ್ರಬಂಧದಲ್ಲಿ ಹೆಸರು ಮೇಲೆ ಹಾಕೋಣ ಪಾನಿ ಬೊಗುಶಾ, ನನ್ನ ಪಕ್ಕದಲ್ಲೇ, ಎನ್ನುತ್ತಾರೆ. ಬೊಗುಶಾ ತಿರುಗದೆ ತಲೆಯಾಡಿಸುತ್ತಾರೆ.

"ಹಾಕಿ, ಬೇಡ ಅನ್ನಲ್ಲ. ಅಕ್ಷರ ಸರಿ ನೋಡ್ಕೊಳ್ಳಿ. ಆದ್ರೆ ನನಗೆ ಬೇಕಾಗಿರೋದು ಬೇರೆ. ಜೂನಲ್ಲಿ ಕೀ ಕೊಡುವಾಗ ಇವರೆಲ್ಲ ಈಜ್ತಾ ಇರಬೇಕು. ಮತ್ತೆ ಮುಂದೆ ಬರೋಳಿಗೆ, ಯಾರೇ ಬರಲಿ, ಮೂರನೇ ಹನಿ ತಡೆಯೋದು ನಾನೇ ನಿಂತು ಕಲಿಸಬೇಕು. ಅದು ಪುಸ್ತಕದಲ್ಲಿ ಬರಲ್ಲ."

ಆಮೇಲೆ ಎಂಬತ್ತೆಂಟನೆಯ ಜಾಡಿಯ ಮುಂದೆ ಬಾಗುತ್ತಾರೆ. ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡುತ್ತಾರೆ. ಭೂತಗನ್ನಡಿಯನ್ನು ಡಾಕ್ಟರ ಕೈಗೆ ಕೊಡುತ್ತಾರೆ, ಆಮೇಲೆ ಝೆನೋಬಿಯಾಗೆ, ಆಮೇಲೆ ನಮಗೆ. ಈ ತಾಯಿ ನಿನ್ನೆಯೇ ಪೊರೆ ಕಳಚಿದ್ದಾಳೆ. ಅವಳ ಮೈಯಲ್ಲಿ ಒಂದು ಎಣ್ಣೆ ಹನಿಯೂ ಉಳಿದಿಲ್ಲ, ಖಾಲಿ ಗಾಜು. ಬೆನ್ನ ಚೀಲದಲ್ಲಿ ಮೊಟ್ಟೆ ಎರಡೇ ಎರಡು, ದುಂಡಗೆ, ದೊಡ್ಡದಾಗಿ, ಜೇನಿನ ಬಣ್ಣದ ಎಣ್ಣೆ ತುಂಬಿಕೊಂಡು.

"ಇಷ್ಟೇನಾ?" ಝೆನೋಬಿಯಾ ಕೇಳುತ್ತಾರೆ. "ಎರಡೇ?"

"ಎರಡೇ," ಬೊಗುಶಾ ಟೊಪ್ಪಿ ಸರಿಪಡಿಸಿಕೊಳ್ಳುತ್ತಾರೆ. "ಆದ್ರೆ ಬುತ್ತಿ ಕಟ್ಟಿ ಕಳಿಸ್ತಿದ್ದಾಳೆ ನೋಡು."